ಜೋಳದ ಹೊಲಕ್ಕೆ ಏರ್‌ಗನ್: ಲೆಕ್ಕ ಏನು ಹೇಳುತ್ತದೆ?

ಹಿಂಗಾರಿ ಜೋಳ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತೆನೆ ಬಿಚ್ಚಿ ಹಾಲುಗಾಳು ಕಟ್ಟತೊಡಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಹಕ್ಕಿ ಕಾಯುವ ಕಾಲವೂ ಅದೇ. ಗಿಳಿ, ಗುಬ್ಬಿಗಳ ಜೊತೆಗೆ ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಗುಲಾಬಿ ಕಬ್ಬಕ್ಕಿಗಳು ನೂರಾರು ಸಂಖ್ಯೆಯಲ್ಲಿ ಒಮ್ಮೆಲೇ ತೆನೆಗಳ ಮೇಲೆ ಇಳಿಯುತ್ತವೆ. ಕವಣೆ ಬೀಸುವವರು, ಡಬ್ಬಿ ಬಡಿಯುವವರು ಈಗ ಕಡಿಮೆ. ಕೂಲಿಯೂ ದುಬಾರಿ. ಹೀಗಿರುವಾಗ 'ಲೈಸೆನ್ಸ್ ಬೇಡವಂತೆ, ಒಂದು ಏರ್‌ಗನ್ ತಂದರೆ ಹೇಗೆ?' ಎಂದು ನಿಮ್ಮ ವಿದ್ಯಾರ್ಥಿಯ ತಂದೆಯೇ ನಿಮ್ಮನ್ನು ಕೇಳಬಹುದು. ವಿಜ್ಞಾನದ ಶಿಕ್ಷಕರು ಏನು ಉತ್ತರ ಹೇಳಬೇಕು?

ಮೊದಲು ಯಂತ್ರವನ್ನು ನೋಡೋಣ. ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಮದ್ದು ಇಲ್ಲ. ನಳಿಗೆಯನ್ನು ಮಡಚಿ ಎಳೆದಾಗ ಒಳಗಿನ ಬಲವಾದ ಉಕ್ಕಿನ ಸುರುಳಿ ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ತೋಳು ಮಾಡಿದ ಕೆಲಸ ಸುರುಳಿಯಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಕೂಡಿಡಲ್ಪಡುತ್ತದೆ. ಕುದುರೆಯನ್ನು ಒತ್ತಿದೊಡನೆ ಸುರುಳಿ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ನಿನ ಮುಂದಿರುವ ಗಾಳಿ ಕ್ಷಣಮಾತ್ರದಲ್ಲಿ ಅತ್ಯಂತ ಕಿರಿದಾದ ಜಾಗಕ್ಕೆ ಅದುಮಲ್ಪಟ್ಟು ಪೆಲೆಟ್ಟನ್ನು ನಳಿಗೆಯಿಂದ ಹೊರದೂಡುತ್ತದೆ. ಅಂದರೆ ಪೆಲೆಟ್ಟನ್ನು ತಳ್ಳುವುದು ಸುರುಳಿಯಲ್ಲ, ಗಾಳಿ.

ಸೈಕಲ್ ಪಂಪನ್ನು ಜೋರಾಗಿ ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ನೀವು ಗಮನಿಸಿದ್ದೀರಿ. ಇಲ್ಲಿ ಆಗುವುದೂ ಅದೇ. ಆದರೆ ಶಾಖ ಹೊರಹೋಗಲು ಸಮಯವೇ ಇಲ್ಲದ್ದರಿಂದ ಗಾಳಿಯ ಉಷ್ಣತೆ ಕ್ಷಣಕಾಲ ನೂರಾರು ಡಿಗ್ರಿಗೆ ಏರುತ್ತದೆ. ಪಿಸ್ಟನ್ನಿನ ಮುಂದೆ ಎಣ್ಣೆ ಹೆಚ್ಚಾಗಿದ್ದರೆ ಡೀಸೆಲ್ ಇಂಜಿನ್ನಿನಲ್ಲಿ ಆಗುವಂತೆ ಅದು ಹೊತ್ತಿಕೊಂಡು ಢಮ್ ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಬಂದೂಕನ್ನು ಸಾರಜನಕದಲ್ಲಿ ಹಾರಿಸಿ ನೋಡಿದಾಗ ಪೆಲೆಟ್ಟಿನ ವೇಗ ತಗ್ಗಿತು. ಎಣ್ಣೆಯ ಚೂರುಪಾರು ಉರಿಯೂ ಶಕ್ತಿಗೆ ಪಾಲು ಕೊಡುತ್ತದೆ ಎಂಬುದು ಇದರಿಂದ ಖಚಿತವಾಯಿತು. ಆದ್ದರಿಂದ 'ಎಣ್ಣೆ ಬಿಟ್ಟಷ್ಟೂ ಒಳ್ಳೆಯದು' ಎಂಬ ಅಂಗಡಿಯ ಸಲಹೆಯನ್ನು ನಂಬಬೇಡಿ. ಸೀಲು, ಸುರುಳಿ ಎರಡೂ ಹಾಳಾಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಸುರುಳಿಯ ಸರಾಸರಿ ಬಲ 500 ನ್ಯೂಟನ್, ಅದು ಚಲಿಸುವ ದೂರ 8 ಸೆಂ.ಮೀ. ಎಂದುಕೊಳ್ಳಿ. ಕೂಡಿಟ್ಟ ಶಕ್ತಿ 500 × 0.08 = 40 ಜೂಲ್. ಪೆಲೆಟ್ಟಿನ ರಾಶಿ ಅರ್ಧ ಗ್ರಾಂ, ವೇಗ ಸೆಕೆಂಡಿಗೆ 200 ಮೀಟರ್ ಆದರೆ ಚಲನ ಶಕ್ತಿ ½ × 0.0005 × 200² = 10 ಜೂಲ್. ನಾಲ್ಕರಲ್ಲಿ ಒಂದೇ ಪಾಲು! ಉಳಿದದ್ದು ಬಿಸಿಗೆ, ಘರ್ಷಣೆಗೆ, ಪಿಸ್ಟನ್ನಿನ ಬಡಿತಕ್ಕೆ ಹೋಯಿತು.

ವೇಗವನ್ನು ಅಳೆಯುವುದು ಹೇಗೆ? ಪಠ್ಯದಲ್ಲಿ ಬರುವ ಸಂವೇಗ ಸಂರಕ್ಷಣೆಯ ನಿಯಮವೇ ಸಾಕು. ಒಂದು ಮೀಟರ್ ದಾರಕ್ಕೆ ಅರ್ಧ ಕಿಲೋ ಜೇಡಿಮಣ್ಣಿನ ಉಂಡೆಯನ್ನು ತೂಗುಬಿಟ್ಟಿದೆ ಎಂದುಕೊಳ್ಳಿ. ಮೇಲಿನ ಪೆಲೆಟ್ ಅದರಲ್ಲಿ ನೆಟ್ಟರೆ ಉಂಡೆ ಸೆಕೆಂಡಿಗೆ ಸುಮಾರು 0.2 ಮೀಟರ್ ವೇಗ ಪಡೆದು 2 ಮಿ.ಮೀ. ಮೇಲೇರುತ್ತದೆ. 2 ಮಿ.ಮೀ. ಅಳೆಯುವುದು ಕಷ್ಟ. ಆದರೆ ಅದೇ ಉಂಡೆ ಅಡ್ಡಡ್ಡಲಾಗಿ 6 ಸೆಂ.ಮೀ.ಗಿಂತ ತುಸು ಹೆಚ್ಚೇ ಸರಿಯುವುದರಿಂದ ಅದನ್ನು ಸ್ಕೇಲಿನಲ್ಲೇ ಓದಬಹುದು. ಇದನ್ನು ಕರಿಹಲಗೆಯ ಮೇಲೆ ಬಿಡಿಸಿ. ಬಂದೂಕನ್ನು ಮಾತ್ರ ಶಾಲೆಗೆ ತರಬೇಡಿ. ಚರ್ಮವನ್ನು ತೂರಲು ಬೇಕಾದುದಕ್ಕಿಂತ ಬಹಳ ಕಡಿಮೆ ವೇಗದಲ್ಲೇ ಪೆಲೆಟ್ ಕಣ್ಣನ್ನು ಒಡೆಯಬಲ್ಲದು.

ಈ ಜೂಲ್ ಲೆಕ್ಕ ಪರೀಕ್ಷೆಗೆ ಮಾತ್ರ ಬೇಕಾದುದಲ್ಲ, ಕಾನೂನು ನಿಂತಿರುವುದೂ ಅದರ ಮೇಲೆಯೇ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ., ಅಂದರೆ 0.177 ಅಂಗುಲ, ಹಾಗೂ ನಳಿಗೆಯ ತುದಿಯಲ್ಲಿ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಬ್ರಿಟನ್ನಿನಲ್ಲಿ ಈ ಮಿತಿ ಸುಮಾರು 16 ಜೂಲ್, ಜರ್ಮನಿಯಲ್ಲಿ 7.5. ಡಬ್ಬಿಯ ಮೇಲೆ 'ಸೆಕೆಂಡಿಗೆ ಸಾವಿರ ಅಡಿ' ಎಂದು ದೊಡ್ಡದಾಗಿ ಬರೆದಿದ್ದರೆ ಯಾವ ತೂಕದ ಪೆಲೆಟ್ಟಿಗೆ ಎಂದು ಕೇಳಿ. ಹಗುರ ಲೋಹದ 0.35 ಗ್ರಾಂ ಪೆಲೆಟ್ಟಿಗೆ ಆ ವೇಗದಲ್ಲಿ 16 ಜೂಲ್ ಬರುತ್ತದೆ. ಅದೇ ಬಂದೂಕು ಅರ್ಧ ಗ್ರಾಮಿನ ಸೀಸದ ಪೆಲೆಟ್ಟಿಗೆ ಆ ವೇಗ ಕೊಡದು. ವೇಗದ ಜಾಹೀರಾತಿಗಿಂತ ಶಕ್ತಿಯ ಅಂಕಿಯನ್ನು ಕೇಳುವವನೇ ಜಾಣ ಗಿರಾಕಿ.

ಗುರಿ ಅಭ್ಯಾಸಕ್ಕೆಂದು ಕೊಳ್ಳುವವರು ಗಮನಿಸಬೇಕಾದ್ದು ಇನ್ನೂ ಇದೆ. ಹೆಚ್ಚು ಶಕ್ತಿ ಎಂದರೆ ಗಡುಸು ಸುರುಳಿ. ಹತ್ತು ಸಲ ಮಡಚಿದರೆ ತೋಳು ಸೋತು ಗುರಿ ಅಲುಗುತ್ತದೆ. ಪಿಸ್ಟನ್ ಮುಂದೆ ಹಾರುವಾಗ ಬಂದೂಕು ಹಿಂದಕ್ಕೂ, ಪಿಸ್ಟನ್ ಬಡಿದು ನಿಲ್ಲುವಾಗ ಮುಂದಕ್ಕೂ ಒದೆಯುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಕುಲುಕಾಟ ಶುರುವಾಗುವುದರಿಂದ ಅದನ್ನು ಬಿಗಿಯಾಗಿ ಹಿಡಿಯದೆ ಪ್ರತಿ ಸಲವೂ ಒಂದೇ ರೀತಿ ಹಗುರಾಗಿ ಹಿಡಿಯಬೇಕು. ಅಗ್ಗದ ದುರ್ಬೀನು ಈ ಎರಡು ಕಡೆಯ ಒದೆತಕ್ಕೆ ಬೇಗ ಸಡಿಲಾಗುತ್ತದೆ. ಪೆಲೆಟ್ ಇಲ್ಲದೆ ಹಾರಿಸಬಾರದು. ಎದುರು ಒತ್ತಡವಿಲ್ಲದೆ ಪಿಸ್ಟನ್ ನೇರವಾಗಿ ಗೋಡೆಗೆ ಬಡಿಯುತ್ತದೆ. ಸುರುಳಿಯನ್ನು ಗಂಟೆಗಟ್ಟಲೆ ಎಳೆದಿಟ್ಟರೆ ಅದು ಸೊರಗುತ್ತದೆ. ಸುರುಳಿಯ ಬದಲು ಅನಿಲ ತುಂಬಿದ ಗ್ಯಾಸ್ ಸ್ಪ್ರಿಂಗ್ ಇರುವ ಮಾದರಿಗಳಿಗೆ ಈ ತೊಂದರೆ ಕಡಿಮೆ. ಆದರೂ ತುಂಬಿದ ಬಂದೂಕನ್ನು ಗೋಡೆಗೆ ಒರಗಿಸಿಡುವುದು ಯಾವ ಮಾದರಿಯಲ್ಲೂ ಸಲ್ಲದು.

ಸರಿ, ಹೊಲಕ್ಕೆ ಹೋಗೋಣ. ನಮ್ಮ 10 ಜೂಲಿನ ಪೆಲೆಟ್ 10 ಮೀಟರ್ ದೂರದಲ್ಲಿ ಸುಮಾರು 1.3 ಸೆಂ.ಮೀ. ಕೆಳಗಿಳಿದಿರುತ್ತದೆ. 30 ಮೀಟರಿನಲ್ಲಿ ಅದೇ ಇಳಿತ ಸುಮಾರು 14 ಸೆಂ.ಮೀ., ಗುಬ್ಬಿಯ ಉದ್ದದಷ್ಟು! ಗಾಳಿಯ ತಡೆಯಿಂದ ಶಕ್ತಿಯಲ್ಲಿಯೂ ಮೂರನೆಯ ಒಂದು ಭಾಗದಷ್ಟು ಕಳೆದುಹೋಗಿರುತ್ತದೆ. ಅಲ್ಲಿ ತಗುಲಿದ ಪೆಲೆಟ್ ಕೊಲ್ಲುವುದಕ್ಕಿಂತ ಗಾಯ ಮಾಡುವುದೇ ಹೆಚ್ಚು. ಹಂದಿ, ಚಿಗರಿಯಂಥ ದೊಡ್ಡ ಪ್ರಾಣಿಗಂತೂ ಇದು ನರಳಾಟವಷ್ಟೆ. ತಪ್ಪಿದ ಪೆಲೆಟ್ ಮೇಲ್ಮುಖವಾಗಿದ್ದರೆ ಮುನ್ನೂರು ಮೀಟರಿನವರೆಗೂ ಹೋಗಬಹುದು. ಆಳೆತ್ತರ ಜೋಳದ ಆಚೆ ಸದೆ ತೆಗೆಯುತ್ತಿರುವವರು ಕಾಣುವುದಿಲ್ಲ.

ಮತ್ತೆ, ಯಾವ ಹಕ್ಕಿಯನ್ನು ಹೊಡೆಯಲು ಅನುಮತಿ ಇದೆ? ಲೈಸೆನ್ಸ್ ಬೇಡ ಎಂಬುದು ಬಂದೂಕಿಗೆ ಸಂಬಂಧಿಸಿದ ಮಾತು, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಗಾಯಗೊಳಿಸುವುದೂ ಸೇರಿದೆ. ಕಾಗೆ, ಹಣ್ಣಿನ ಬಾವಲಿ, ಇಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಐದನೆಯ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಿಳಿ ಈಗ ಎರಡನೆಯ ಅನುಸೂಚಿಯಲ್ಲಿದೆ. ನವಿಲು, ಚಿಗರಿ ಮೊದಲನೆಯದರಲ್ಲಿವೆ. ಆಲಮಟ್ಟಿಯ ಹಿನ್ನೀರಿಗೆ ಬರುವ ರಾಜಹಂಸಗಳತ್ತ ಬಂದೂಕು ತಿರುಗಿಸುವವನಿಗೂ ಇದೇ ಕಾಯಿದೆ ಅನ್ವಯ. ನಿಂತ ಪೈರಿಗೆ ಹಾನಿಯಾಗುತ್ತಿದ್ದರೆ ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಯದು, ಬಂದೂಕಿನ ಅಂಗಡಿಯವನದಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆರಂಭವಾದ ಅಭಿಯಾನದಲ್ಲಿ ಜನ ತಾವಾಗಿಯೇ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್ನುಗಳನ್ನು ಒಪ್ಪಿಸಿದರು. ಅಲ್ಲಿಯ ಕಾಡುಗಳಲ್ಲಿ ಹಕ್ಕಿಗಳ ದನಿ ಅಡಗುತ್ತಿರುವುದನ್ನು ಅವರೇ ಕಂಡಿದ್ದರು.

ಕಾನೂನನ್ನು ಪಕ್ಕಕ್ಕಿಟ್ಟರೂ ಅಂಕಿ ಒಪ್ಪುವುದಿಲ್ಲ. ಮಡಚಿ, ಪೆಲೆಟ್ ಇಟ್ಟು, ಗುರಿ ಹಿಡಿಯಲು 20 ಸೆಕೆಂಡ್ ಬೇಕು. ಐನೂರು ಕಬ್ಬಕ್ಕಿಗಳ ಹಿಂಡಿನಲ್ಲಿ ಒಂದು ಬಿದ್ದರೆ ಉಳಿದವು ಎದ್ದು ಪಕ್ಕದ ಹೊಲಕ್ಕೆ ಹೋಗಿ, ಹತ್ತು ನಿಮಿಷದಲ್ಲಿ ಹಿಂದಿರುಗುತ್ತವೆ. ಕಬ್ಬಕ್ಕಿ ಮಿಡತೆಗಳನ್ನೂ ತಿನ್ನುತ್ತದೆ ಎಂಬುದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಬೆದರಿಸುವುದಕ್ಕಾದರೂ ಬಂದೀತೇ ಎಂದರೆ ಸ್ಪ್ರಿಂಗ್ ಏರ್‌ಗನ್ನಿನ ಸದ್ದು ಕವಣೆಯ ಛಟೀರಿಗೂ ಸಮವಲ್ಲ. ಇನ್ನು ಹೆಗ್ಗಣ ರಾತ್ರಿಯಲ್ಲಿ, ಬಿಲದಲ್ಲಿ ಬದುಕುವ ಪ್ರಾಣಿ. ಅದಕ್ಕೆ ಬೋನೂ, ಗೂಬೆ ಕೂರಲು ಹೊಲದಲ್ಲಿ ನೆಟ್ಟ ಕೋಲೂ ಬಂದೂಕಿಗಿಂತ ಮೇಲು. ಸದ್ದಿಗಾಗಿ ಪ್ಲಾಸ್ಟಿಕ್ ಕೊಳವೆಯಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಉಪಾಯ ಇನ್ನೂ ಕೆಟ್ಟದ್ದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಅನೇಕ ಮಕ್ಕಳ ಕಣ್ಣಿಗೆ ಅದರಿಂದಲೇ ಗಾಯವಾಯಿತು.

ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಬಲೆ ಹೊದಿಸುವುದು ದುಬಾರಿಯಾದರೂ ಹಲವು ವರ್ಷ ಬಾಳುತ್ತದೆ. ಜೋಳಕ್ಕೆ ಹೊಳೆಯುವ ಕೆಂಪು-ಬೆಳ್ಳಿ ಬಣ್ಣದ ಪಟ್ಟಿಗಳನ್ನು ತೆನೆಗಿಂತ ತುಸು ಮೇಲೆ, ಗಾಳಿಗೆ ತಿರುಚಿ ಮಿರುಗುವಂತೆ ಕಟ್ಟಬಹುದು. ಒಂದೇ ಬೆದರಿಕೆಗೆ ಹಕ್ಕಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುವುದರಿಂದ ಹಾಲುಗಾಳಿನ ಆ ಎರಡು ಮೂರು ವಾರ ಮಾತ್ರ ಕಟ್ಟಿ, ನಡುನಡುವೆ ಜಾಗ ಬದಲಿಸಬೇಕು. ಸುತ್ತಲಿನ ರೈತರು ಒಟ್ಟಿಗೆ ಬಿತ್ತಿದರೆ ತೆನೆಗಳೂ ಒಟ್ಟಿಗೆ ಬಲಿಯುತ್ತವೆ, ಹಾನಿ ಹಂಚಿಹೋಗುತ್ತದೆ. ಮುಂಚೆ ಅಥವಾ ತಡವಾಗಿ ಬಿತ್ತಿದ ಒಂಟಿ ಹೊಲಕ್ಕೇ ಹಿಂಡು ಮೊದಲು ಇಳಿಯುವುದು.