ಕ್ಯಾನ್ಸರ್ ಸಂಶೋಧನೆಗೆ ನಮ್ಮವರೂ ಬೇಕು

"ಸಂಶೋಧನೆ ಗಿಂಶೋಧನೆ ಎಲ್ಲಾ ದೊಡ್ಡವರ ಮನಿ ಮಕ್ಕಳಿಗೆ. ನಮಗ್ಯಾಕ?" ಈ ಮಾತನ್ನು ನಮ್ಮಲ್ಲಿ ಯಾರು ಆಡಿಲ್ಲ, ಯಾರು ಕೇಳಿಲ್ಲ? ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದವರ ಮಕ್ಕಳು ಬಿ.ಎಸ್ಸಿ. ಮುಗಿಸಿ ಒಂದು ನೌಕರಿ ಹಿಡಿದರೆ ಸಾಕು ಅಂತಾರೆ. ಮನೆಯ ಪರಿಸ್ಥಿತಿ ಹಾಗಿರುತ್ತದೆ, ಅದು ತಪ್ಪಲ್ಲ. ಆದರೆ ಕ್ಯಾನ್ಸರ್ ಸಂಶೋಧನೆಯಲ್ಲಿ ಬಡವರಿಗೆ ಜಾಗವೇ ಇಲ್ಲ ಎಂಬುದು ಮಾತ್ರ ಸುಳ್ಳು. ಬಡವರು ಅಲ್ಲಿ ಮೊದಲಿನಿಂದಲೂ ಇದ್ದಾರೆ, ಆದರೆ ಪರೀಕ್ಷೆಗೆ ಒಳಗಾಗುವವರಾಗಿ. ಪರೀಕ್ಷೆ ಮಾಡುವವರಾಗಿ ಇರುವವರು ಕಡಿಮೆ.

ಒಂದು ಉದಾಹರಣೆ ನೋಡಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ಬಡ ಹೆಣ್ಣುಮಗಳು ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡಳು. ವಯಸ್ಸು ಬರೀ 31. ಅವಳ ಗಡ್ಡೆಯಿಂದ ತೆಗೆದ ಜೀವಕೋಶಗಳು ಜಾರ್ಜ್ ಗೈ ಅವರ ಪ್ರಯೋಗಶಾಲೆಯಲ್ಲಿ ದೇಹದ ಹೊರಗೂ ಬೆಳೆಯುತ್ತಾ ಹೋದವು. ಅವಳನ್ನಾಗಲಿ ಮನೆಯವರನ್ನಾಗಲಿ ಯಾರೂ ಕೇಳಲಿಲ್ಲ. 'ಹೀಲಾ' ಎಂಬ ಹೆಸರಿನ ಆ ಜೀವಕೋಶಗಳು ಇಂದು ಜಗತ್ತಿನ ತುಂಬ ಇವೆ. ನಮ್ಮ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲೂ ಇವೆ. ದೇಶದ ಸಂಶೋಧಕರಿಗೆ ಇಂಥ ಜೀವಕೋಶಗಳನ್ನು ಕಾಪಾಡಿ ಒದಗಿಸುವ ಭಂಡಾರ ಅದು. ದಿನಾ ಬಸ್ಸಿನಲ್ಲಿ ಅದರ ಹತ್ತಿರವೇ ಹಾದುಹೋಗುವವರು ನಮ್ಮಲ್ಲಿದ್ದಾರೆ!

ಇನ್ನೊಂದು ಉದಾಹರಣೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯದು, ಈಗಿನ ಧಾರಾಶಿವ. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿ ಒಂದು ದೊಡ್ಡ ಅಧ್ಯಯನ ನಡೆಯಿತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್.ಪಿ.ವಿ. ವೈರಸ್ಸಿದೆಯೇ ಎಂದು ಒಂದು ಗುಂಪಿನಲ್ಲಿ ಒಂದೇ ಒಂದು ಸಲ ತಪಾಸಣೆ ಮಾಡಿ, ಇದ್ದವರಲ್ಲಿ ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ಈ ರೋಗದಿಂದ ಸತ್ತವರು 34, ತಪಾಸಣೆಯಿಲ್ಲದ ಗುಂಪಿನಲ್ಲಿ 64. ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು! ಇದು ಜಗತ್ತಿಗೇ ಉಪಯೋಗವಾದ ಜ್ಞಾನ. ಆದರೆ ಆ 64 ಮಂದಿ ಇದ್ದ ಗುಂಪಿಗೆ ತಪಾಸಣೆ ಇಲ್ಲದೆ ಬಿಟ್ಟದ್ದು ನ್ಯಾಯವೇ ಎಂಬ ವಾದವೂ ಆಮೇಲೆ ಎದ್ದಿತು. ಎರಡು ಕಡೆಗೂ ಹೇಳುವವರಿದ್ದಾರೆ. ನನಗನಿಸುವುದಿಷ್ಟೆ: ಇಂಥ ಅಧ್ಯಯನದ ನಕ್ಷೆ ಹಾಕುವಾಗ ಅಂಥದೇ ಹಳ್ಳಿಯಿಂದ ಬಂದ, ಅಂಥದೇ ಅವ್ವನ ಮಗಳೊಬ್ಬಳು ಮೇಜಿನ ಆ ಕಡೆಗೂ ಕೂತಿರಬೇಕು.

ಅಲ್ಲಿಗೆ ಹೋಗೋದು ಸಾಧ್ಯವೇ? ಹೋದವರಿದ್ದಾರೆ. ನಮ್ಮ ಪುಣೆಯಲ್ಲೇ 1917ರಲ್ಲಿ ಹುಟ್ಟಿದ ಕಮಲ್ ರಣದಿವೆ ಎಂ.ಎಸ್ಸಿ. ಮಾಡಿದ್ದು ಕೃಷಿ ಕಾಲೇಜಿನಲ್ಲಿ, ಅದೂ ಸೀತಾಫಲದ ಕುಟುಂಬದ ಗಿಡಗಳ ಮೇಲೆ. ಆಮೇಲೆ ಮುಂಬಯಿಗೆ ಹೋಗಿ ಖಾನೋಲ್ಕರ್ ಅವರ ಕೈಕೆಳಗೆ ಕ್ಯಾನ್ಸರ್ ಸಂಶೋಧನೆ ಹಿಡಿದು 1949ರಲ್ಲಿ ಪಿಎಚ್.ಡಿ. ಪಡೆದರು. ಅದೇ ಜಾರ್ಜ್ ಗೈ ಅವರಲ್ಲಿ ಜೀವಕೋಶ ಬೆಳೆಸುವ ವಿದ್ಯೆ ಕಲಿತು ಬಂದು ಮುಂಬಯಿಯಲ್ಲಿ ಅದಕ್ಕಾಗಿಯೇ ಪ್ರಯೋಗಶಾಲೆ ಕಟ್ಟಿದರು. 1982ರಲ್ಲಿ ಪದ್ಮಭೂಷಣ ಬಂತು.

ಅವರೇನೋ ಪ್ರೊಫೆಸರರ ಮಗಳು ಅಂತೀರಾ? ಸರಿ, ಡಾ. ವಿಜಯಲಕ್ಷ್ಮಿ ದೇಶಮಾನೆಯವರನ್ನು ನೋಡಿ. ಕಲಬುರಗಿಯ ಕೊಳೆಗೇರಿಯ ದಲಿತ ಕುಟುಂಬ. ತಾಯಿ ತರಕಾರಿ ಮಾರುತ್ತಿದ್ದರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸಕಿಯಾಗಿ, ಅದರ ನಿರ್ದೇಶಕಿಯೂ ಆದರು. 2025ರಲ್ಲಿ ಪದ್ಮಶ್ರೀ ಪಡೆದರು.

ಡಾಕ್ಟರೇ ಆಗಬೇಕೆಂದಿಲ್ಲ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಯಾವುದಾದರೂ ಆದೀತು. ನಂತರ ಎಂ.ಎಸ್ಸಿ.; ಅದರ ಕೊನೆಯ ಹೊತ್ತಿಗೆ ಜೆ.ಆರ್.ಎಫ್. ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗಿ ಪಿಎಚ್.ಡಿ.ಗೆ ಸೇರಿದರೆ ಸಂಬಳದಂತೆ ಶಿಷ್ಯವೇತನ ಸಿಗುತ್ತದೆ. 2023ರಲ್ಲಿ ಹೆಚ್ಚಿಸಿದ ಲೆಕ್ಕದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ, ಹೆಣ್ಣುಮಕ್ಕಳಿಗೆ ವಯಸ್ಸಿನಲ್ಲಿ ರಿಯಾಯಿತಿಯೂ ಇದೆ. "ಇನ್ನೂ ಎಷ್ಟು ವರ್ಷ ಓದ್ತೀ?" ಅಂತ ಕೇಳುವ ಅಪ್ಪನಿಗೆ ಈ ಅಂಕಿ ತೋರಿಸಿ, ಮಾತು ಬೇರೆಯಾಗುತ್ತದೆ.

ನಾನು ಕಾಮರ್ಸಿನವನು, ಟೆಸ್ಟ್ ಟ್ಯೂಬ್ ಹಿಡಿಯುವವನಲ್ಲ. ಆದರೆ ಲೆಕ್ಕ ಇಡದೆ ವ್ಯಾಪಾರವಿಲ್ಲ ಎಂಬುದು ಗೊತ್ತು. ರೋಗಕ್ಕೂ ಹಾಗೆಯೇ. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಯಾವ ಹಳ್ಳಿಯಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಎಂದು ಬರೆದಿಡುವ ಖಾತೆ ಅದು. ಇಂಥ ಕೆಲಸಕ್ಕೆ ಸಂಖ್ಯಾಶಾಸ್ತ್ರ ಓದಿದವರು ಬೇಕು. ಮನೆಯಂಗಳದಲ್ಲಿ ಕೂತು, ಅವ್ವಂದಿರು ನಾಚಿಕೆಯಿಂದ ಮುಚ್ಚಿಡುವ ಕಾಯಿಲೆಯನ್ನು ಅವರ ಮಾತಿನಲ್ಲೇ ಕೇಳಿ ತಿಳಿಯುವವರೂ ಬೇಕು. ಕನ್ನಡ, ಮರಾಠಿ ಎರಡೂ ಬರುವ ನಮಗೆ ಇದು ಹುಟ್ಟಿನಿಂದ ಬಂದ ಬಂಡವಾಳ.

ಇಂಗ್ಲಿಷಿನ ಭಯ ಇದೆ, ನಿಜ. ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಳ್ಳಬೇಕು. ನೀಟ್ ಪರೀಕ್ಷೆಯನ್ನೇ 2017ರಿಂದ ಕನ್ನಡದಲ್ಲೂ ಬರೆಯಬಹುದಾಗಿದೆ. ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಎಷ್ಟೋ ಸಂಶೋಧನಾ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಒಳಗೆ ಬಿಡುತ್ತವೆ. ಈ ಸಲ ಬಿ.ಎಸ್ಸಿ. ಗೆಳೆಯರು ತಮ್ಮ ತಂಗಿ-ತಮ್ಮಂದಿರನ್ನೂ ಕರೆದುಕೊಂಡು ಹೋಗಿ ಬರಲಿ. ಸೂಕ್ಷ್ಮದರ್ಶಕದೊಳಗೆ ಒಮ್ಮೆ ಕಣ್ಣಿಟ್ಟು ನೋಡಿದ ಮಕ್ಕಳಲ್ಲಿ ಒಬ್ಬರಾದರೂ ಅಲ್ಲೇ ನಿಂತರೆ, ಅದಕ್ಕಿಂತ ಹೆಚ್ಚಿನ ಕನ್ನಡದ ಕೆಲಸ ಇನ್ನೇನಿದೆ?