ಹಳೆಯ ಗಾಡಿಗೆ ಹೊಸ ಮೊಣಕಾಲು

ಮುಪ್ಪಿನ ಮೊದಲ ಸೂಚನೆ ಮನುಷ್ಯನಿಗೆ ಮೊಣಕಾಲಿನಲ್ಲಿ ದೊರೆಯುತ್ತದೆ. ಮೆಟ್ಟಿಲಿಳಿಯುವಾಗ ತುಸು ನೋವು, ಕಲ್ಲುದಾರಿಯಲ್ಲಿ ತುಸು ಅಳುಕು, ಆರಂಭವಾಗುವುದು ಅಷ್ಟರಿಂದಲೇ. ಮೋಟಾರುಗಾಡಿಯ ಮುಪ್ಪೂ ಹೀಗೆಯೇ. ಇಂಜಿನ್ನು ಎಂದಿನಂತೆ ಗುಡುಗುತ್ತಿರುತ್ತದೆ, ಬಣ್ಣ ಥಳಥಳಿಸುತ್ತಿರುತ್ತದೆ. ಆದರೆ ತಿರುವಿನಲ್ಲಿ ಒಂದು ಸಣ್ಣ ಹಳ್ಳ ಎದುರಾಯಿತೆಂದರೆ ಹಿಂದಿನ ಗಾಲಿ ನೆಲ ಬಿಟ್ಟು ಪಕ್ಕಕ್ಕೆ ಜಿಗಿಯುತ್ತದೆ. ಒಡೆಯನ ಗಮನ ಗಾಡಿಯ ಷಾಕ್ ಅಬ್ಸಾರ್ಬರುಗಳ ಕಡೆಗೆ ಹರಿಯುವುದು ಆಗಲೇ.

ಇಂಗ್ಲೆಂಡಿನ ಪ್ರಸಿದ್ಧವಾದ ಎಂ.ಜಿ.ಬಿ. ಕಾರನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಿಂದ 1962ರಿಂದ 1980ರವರೆಗೆ 5 ಲಕ್ಷಕ್ಕೂ ಮಿಕ್ಕು ಹೊರಬಂದ ಈ ಸ್ಪೋರ್ಟ್ಸ್ ಕಾರು ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿಯೂ ಮನೆಮಾತಾಯಿತು. 1798 ಸಿ.ಸಿ. ಇಂಜಿನ್ನು, ಗಂಟೆಗೆ 100 ಮೈಲಿಗೂ ಮೀರಬಲ್ಲ ವೇಗ, ಮಡಿಸಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮೇಲ್ಛಾವಣಿ. ಇಷ್ಟೆಲ್ಲ ಇದ್ದೂ ಶ್ರೀಮಂತರಿಗಷ್ಟೇ ಮೀಸಲಾಗದ ಬೆಲೆ. ಆ ಕಾರುಗಳಲ್ಲಿ ಬಹಳಷ್ಟು ಇಂದಿಗೂ ಓಡುತ್ತಿವೆ. 40 ವರ್ಷ ಮೀರಿದ, ಹೆಚ್ಚಿನ ಮಾರ್ಪಾಟುಗಳಿಲ್ಲದ ಗಾಡಿಗಳಿಗೆ ಬ್ರಿಟನ್ನಿನ ಸರ್ಕಾರ 2018ರ ಮೇ ತಿಂಗಳಲ್ಲಿ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ನೀಡಿತು. ಮಾಲೀಕನಿಗೆ ಇದೊಂದು ಸೌಕರ್ಯವೇನೋ ಹೌದು. ಆದರೆ ಗಾಡಿಯ ಅಡಿಯಲ್ಲಿ ಎಣ್ಣೆ ಸೋರುತ್ತಿದೆಯೆಂದು ಬೆರಳು ತೋರಿಸಿ ಹೇಳುತ್ತಿದ್ದ ಪರೀಕ್ಷಕನೂ ಅದರೊಡನೆ ಇಲ್ಲವಾದ. ಇನ್ನು ನೋಡಬೇಕಾದ ಕಣ್ಣು ಒಡೆಯನದೇ.

ಉಯ್ಯಾಲೆಯ ಪಾಠ

ಷಾಕ್ ಅಬ್ಸಾರ್ಬರ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ರಸ್ತೆಯ ಆಘಾತವನ್ನು ಮುಖ್ಯವಾಗಿ ತಾಳಿಕೊಳ್ಳುವುದು ಸ್ಪ್ರಿಂಗು. ಹಾಗಾದರೆ ಈ ಇನ್ನೊಂದು ಸಾಧನದ ಕೆಲಸವೇನು? ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ಅದು ಬಹಳ ಹೊತ್ತು ತೂಗುತ್ತಲೇ ಇರುತ್ತದೆ. ಕುಳಿತವರು ಕಾಲನ್ನು ನೆಲಕ್ಕೆ ಉಜ್ಜಿದರೆ ಮಾತ್ರ ಬೇಗ ನಿಲ್ಲುತ್ತದೆ. ಸ್ಪ್ರಿಂಗಿನ ಸ್ವಭಾವವೂ ಅದೇ. ಒಂದು ಹಳ್ಳವನ್ನು ದಾಟಿದ ಮೇಲೂ ಗಾಡಿಯನ್ನು ಮೇಲಕ್ಕೆ ಕೆಳಕ್ಕೆ ತೂಗುತ್ತಲೇ ಇರುವುದು ಅದರ ಚಾಳಿ. ನೆಲಕ್ಕೆ ಉಜ್ಜುವ ಆ ಕಾಲಿನ ಕೆಲಸವನ್ನು ಇಲ್ಲಿ ಮಾಡುವುದು ಷಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ನು ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನೂಕುತ್ತದೆ. ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರಿಹೋಗುತ್ತದೆ.

ಆದ್ದರಿಂದ ಇದು ಕೇವಲ ಆಸನದ ಸುಖದ ಪ್ರಶ್ನೆಯಲ್ಲ. ನೆಲ ಬಿಟ್ಟ ಗಾಲಿ ತಿರುಗಿಸಿದರೂ ತಿರುಗದು, ಬ್ರೇಕು ಒತ್ತಿದರೂ ನಿಲ್ಲಿಸದು. ಗಾಲಿಯನ್ನು ಸದಾ ನೆಲಕ್ಕೆ ಅಂಟಿಸಿಡುವುದೇ ಈ ಸಾಧನದ ನಿಜವಾದ ಕರ್ತವ್ಯ.

ಈ ಮಾತನ್ನು ಮರೆತವರು ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು. ಸ್ಪೋರ್ಟ್ಸ್ ಕಾರೆಂದ ಮೇಲೆ ಅಂಗಡಿಯಲ್ಲಿ ದೊರೆಯುವುದರಲ್ಲೆಲ್ಲ ಅತ್ಯಂತ ಬಿಗಿಯಾದುದೇ ಇರಲಿ ಎಂದು ಅವರು ಬಯಸುತ್ತಾರೆ. ನುಣುಪಾದ ಪಂದ್ಯದ ಹಾದಿಯಲ್ಲಿ ಅದು ಸರಿಹೋಗಬಹುದು. ಉಬ್ಬುತಗ್ಗುಗಳುಳ್ಳ ಹಳ್ಳಿಯ ರಸ್ತೆಯಲ್ಲಾದರೋ ಅತಿ ಬಿಗಿಯಾದ ಸಾಧನವು ಗಾಲಿಯನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಆಡಗೊಡುವುದಿಲ್ಲ. ಗಾಡಿ ಉಬ್ಬಿನಿಂದುಬ್ಬಿಗೆ ಕುಪ್ಪಳಿಸತೊಡಗುತ್ತದೆ. ಸೋತ ಸಾಧನದಿಂದ ಆಗುವ ಕೇಡೂ ಇದೇ, ಅತಿ ಬಿಗಿಯಿಂದ ಆಗುವ ಕೇಡೂ ಇದೇ.

ತೋಳುಳ್ಳ ಪೆಟ್ಟಿಗೆ

ಎಂ.ಜಿ.ಬಿ.ಯ ಷಾಕ್ ಅಬ್ಸಾರ್ಬರುಗಳು ಇಂದಿನ ಕಾರುಗಳಲ್ಲಿರುವಂತೆ ಕೊಳವೆಯಾಕಾರದವಲ್ಲ. ಆರ್ಮ್‌ಸ್ಟ್ರಾಂಗ್ ಕಂಪೆನಿಯ ಈ ಸಾಧನವು ಎಣ್ಣೆ ತುಂಬಿದ ಒಂದು ಲೋಹದ ಪೆಟ್ಟಿಗೆ. ಅದರಿಂದ ಹೊರಚಾಚಿದ ತೋಳು ಗಾಲಿಯೊಡನೆ ಏರಿಳಿಯುತ್ತದೆ. ಇತರ ಅನೇಕ ತಯಾರಕರು ಕೊಳವೆಯ ಬಗೆಗೆ ತಿರುಗಿದ ಮೇಲೂ ಎಂ.ಜಿ.ಬಿ. ತನ್ನ ಕಡೆಯ ವರ್ಷದವರೆಗೂ ಈ ತೋಳನ್ನು ಬಿಡಲಿಲ್ಲ.

ಹಿಂಭಾಗದಲ್ಲಿ ಈ ತೋಳು ಒಂದು ಕೊಂಡಿಯ ಮೂಲಕ ಅಚ್ಚಿಗೆ ಸೇರಿಕೊಂಡಿದೆ. ಮುಂಭಾಗದ ಏರ್ಪಾಡು ಇನ್ನೂ ವಿಶೇಷವಾದದ್ದು. ಅಲ್ಲಿ ಗಾಲಿಯನ್ನು ಮೇಲಿನಿಂದ ಹಿಡಿದು ನಿಲ್ಲಿಸಿರುವುದೇ ಷಾಕ್ ಅಬ್ಸಾರ್ಬರಿನ ತೋಳು. ತೋಳಿನ ದಂಡ ಸವೆದು ಅಲ್ಲಾಡಿದರೆ ಗಾಲಿಯ ನಿಲುವೇ ಕೆಡುತ್ತದೆ. ಅಲ್ಲದೆ, ಕೆಳಗೆ ಜಾಕ್ ಕೊಟ್ಟು ಸುರುಳಿ ಸ್ಪ್ರಿಂಗನ್ನು ಭದ್ರವಾಗಿ ಹಿಡಿಯದೆ ಈ ತೋಳನ್ನು ಕಳಚಿದರೆ ಅದುಮಿಟ್ಟ ಸ್ಪ್ರಿಂಗು ಸಿಡಿದು ಬರಬಹುದು. ಅನುಭವವಿಲ್ಲದವರು ಈ ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೆ ಬಿಡುವುದೇ ಕ್ಷೇಮ.

ಕೊಳ್ಳುವ ಮುನ್ನ

ಹಣ ತೆರುವ ಮೊದಲು ರೋಗ ಇದೇ ಹೌದೇ ಎಂದು ನೋಡಬೇಕಾದುದು ವಿವೇಕ. ಗಾಡಿಯ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಂತರೆ ಸರಿ. ಮತ್ತೆ ಮತ್ತೆ ತೂಗಿದರೆ ಸಂಶಯಕ್ಕೆ ಎಡೆಯುಂಟು. ಹಿಂದಿನ ಕೊಂಡಿಯನ್ನು ಬಿಚ್ಚಿ ತೋಳನ್ನು ಕೈಯಿಂದ ಮೆಲ್ಲನೆ ಆಡಿಸಿದಾಗ ಮೊದಲಿಂದ ಕೊನೆಯವರೆಗೂ ಸಮನಾದ ತಡೆ ಇರಬೇಕು. ನಡುವೆ ಎಲ್ಲಿಯಾದರೂ ಪೊಳ್ಳಾಗಿ ಜಾರಿದರೆ ಎಣ್ಣೆ ಕಡಿಮೆಯಾಗಿರಬಹುದು. ಪೆಟ್ಟಿಗೆಯ ಮೇಲಿನ ಮುಚ್ಚಳವನ್ನು ತೆರೆದು ತಕ್ಕ ಎಣ್ಣೆ ತುಂಬಿದರೆ ಕೆಲವೊಮ್ಮೆ ಅಷ್ಟರಿಂದಲೇ ಗುಣವಾಗುವುದುಂಟು. ತುಂಬಿದ ಎಣ್ಣೆ ದಂಡದ ಸುತ್ತ ಮತ್ತೆ ಜಿನುಗಿತೆಂದರೆ ಆ ಪೆಟ್ಟಿಗೆಯ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಕೊಂಡಿಯ ರಬ್ಬರು ಬುಷ್ಷು, ಬಳಲಿದ ಪಟ್ಟಿ ಸ್ಪ್ರಿಂಗು, ಗಟ್ಟಿಯಾದ ಹಳೆಯ ಟೈರು ಇವೂ ಇಂಥದೇ ಲಕ್ಷಣಗಳನ್ನು ತೋರಿಸುತ್ತವೆ. ಇವನ್ನು ನೋಡದೆ ಷಾಕ್ ಅಬ್ಸಾರ್ಬರು ಕೊಂಡವನ ಗಾಡಿ ಹಣ ಕಳೆದ ಮೇಲೂ ಕುಪ್ಪಳಿಸುತ್ತಲೇ ಇರುತ್ತದೆ.

ಮೂರು ದಾರಿ

ಬದಲಿಸುವುದು ನಿಶ್ಚಯವಾದ ಮೇಲೆ ಎದುರಿಗಿರುವುದು ಮೂರು ದಾರಿ. ಮೊದಲನೆಯದು, ಹಳೆಯ ಪೆಟ್ಟಿಗೆಯನ್ನು ಕೊಟ್ಟು ರಿಪೇರಿಯಾದ ಅದೇ ಬಗೆಯ ಪೆಟ್ಟಿಗೆಯನ್ನು ತರುವುದು. ಖರ್ಚು ಮಿತ, ಗಾಡಿಯ ಮೂಲ ಸ್ವರೂಪಕ್ಕೆ ಊನವಿಲ್ಲ. ಆದರೆ ಬರಿಯ ಸೀಲು ಬದಲಿಸಿ ಬಣ್ಣ ಬಳಿದದ್ದಕ್ಕೂ, ದಂಡದ ಬುಷ್ಷನ್ನು ಹೊಸದಾಗಿ ಕೂರಿಸಿದ್ದಕ್ಕೂ ಅಜಗಜಾಂತರ. ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯದು, ಅದೇ ಪೆಟ್ಟಿಗೆಗೆ ಹೆಚ್ಚು ಬಿಗಿಯ ವಾಲ್ವನ್ನೋ ದಪ್ಪನೆಯ ಎಣ್ಣೆಯನ್ನೋ ಹಾಕಿಸುವುದು. ಎಣ್ಣೆಯ ಉಪಾಯ ಅಗ್ಗವಾದದ್ದು. ಆದರೆ ಚಳಿಯಲ್ಲಿ ಅದು ಮತ್ತಷ್ಟು ಮಂದವಾಗುತ್ತದೆ. ಬಿಗಿ ಹೆಚ್ಚಿಸುವುದಾದರೆ ಎಡಬಲಗಳು ಜೋಡಿಯಾಗಿಯೇ ನಡೆಯಬೇಕು. ಹಿಂದುಮುಂದಿನ ಸಮತೋಲವೂ ಕೆಡಬಾರದು. ಹಿಂದಿನದನ್ನು ಮಾತ್ರ ಬಿಗಿ ಮಾಡಿದರೆ, ಒರಟಾದ ತಿರುವಿನಲ್ಲಿ ಆ ಭಾರವಾದ ಅಚ್ಚು ಮೊದಲಿಗಿಂತ ಹೆಚ್ಚಾಗಿಯೇ ಪಕ್ಕಕ್ಕೆ ಹಾರೀತು.

ಮೂರನೆಯದು, ಕೊಳವೆಯಾಕಾರದ ಸಾಧನಕ್ಕೆ ಬದಲಾಯಿಸುವುದು. ಇದು ಹೆಚ್ಚು ಎಣ್ಣೆಯನ್ನು ಕಡಿಮೆ ಒತ್ತಡದಲ್ಲಿ ಆಡಿಸುವುದರಿಂದ ದೀರ್ಘ ಪ್ರಯಾಣದಲ್ಲಿಯೂ ಬೇಗ ಬಳಲದು. ಹಾಲೆಂಡಿನ ಕೋನಿ ಕಂಪೆನಿಯದರಂತೆ ಬಿಗಿಯನ್ನು ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳುವ ಬಗೆಗಳೂ ಉಂಟು. ಹಿಂಭಾಗಕ್ಕೆ ಇದನ್ನು ಜೋಡಿಸುವುದು ಸುಲಭ. ಹಳೆಯ ಪೆಟ್ಟಿಗೆಯ ಸ್ಥಾನದಲ್ಲಿಯೇ ಒಂದು ಬ್ರಾಕೆಟ್ಟನ್ನು ಬಿಗಿದರಾಯಿತು. ಮುಂಭಾಗದಲ್ಲಿ ಹಳೆಯ ತೋಳು ಗಾಲಿಯನ್ನು ಹಿಡಿದಿರುವುದರಿಂದ, ಹಲವು ಜೋಡಣೆಗಳಲ್ಲಿ ವಾಲ್ವು ತೆಗೆದ ಪೆಟ್ಟಿಗೆ ಕೀಲಾಗಿ ಅಲ್ಲಿಯೇ ಉಳಿಯುತ್ತದೆ. ಸವೆದ ಪೆಟ್ಟಿಗೆ ಹೀಗೆ ಉಳಿದರೆ ಹೊಸ ಕೊಳವೆಯಿಂದ ಪ್ರಯೋಜನವೇನು?

ಕೊಳವೆಯ ಉದ್ದದ ಲೆಕ್ಕವೂ ಮುಖ್ಯ. ಅಗತ್ಯಕ್ಕಿಂತ ಉದ್ದವಾದರೆ ಗಾಲಿ ಮೇಲೇರಿದಾಗ ಕೊಳವೆ ತನ್ನ ಅಡಿಗೆ ತಾನೇ ಬಡಿಯುತ್ತದೆ. ಗಿಡ್ಡವಾದರೆ ಗಾಲಿ ಕೆಳಗಿಳಿಯದಂತೆ ಎಳೆದು ಹಿಡಿಯುತ್ತದೆ. ಅಮೆರಿಕದ ನಿಯಮಗಳಿಗಾಗಿ 1974ರ ಕೊನೆಯಲ್ಲಿ ರಬ್ಬರು ಬಂಪರು ತೊಟ್ಟ ಎಂ.ಜಿ.ಬಿ.ಗಳು ನೆಲದಿಂದ ಎತ್ತರವಾಗಿ ನಿಂತವು. ಅನಂತರ ಅವನ್ನು ತಗ್ಗಿಸಿಕೊಂಡವರೂ ಇದ್ದಾರೆ. ಆದುದರಿಂದ ಕಾರಿನ ಹೆಸರಷ್ಟನ್ನೇ ಹೇಳಿದರೆ ಸಾಲದು. ಅದರ ವರ್ಷವನ್ನೂ ಅದು ಈಗ ನಿಂತಿರುವ ಎತ್ತರವನ್ನೂ ತಿಳಿಸಬೇಕು.

ಯಾವ ದಾರಿಯನ್ನು ಹಿಡಿಯಬೇಕೆಂಬುದು ಗಾಡಿ ಓಡುವ ರಸ್ತೆಯನ್ನು ಅವಲಂಬಿಸಿದೆ. ಭಾನುವಾರದ ಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳ್ಳಿಯ ದಾರಿಯಲ್ಲಿ ಹತ್ತಿಪ್ಪತ್ತು ಮೈಲಿ ತಿರುಗಿ ಬರುವವನಿಗೆ ಚೆನ್ನಾಗಿ ರಿಪೇರಿಯಾದ ಹಳೆಯ ತೋಳೇ ಸಾಕು. ದೂರದ ಊರುಗಳಿಗೆ ವೇಗವಾಗಿ ಹೋಗುವವನು ಹಿಂಭಾಗಕ್ಕೆ ಕೊಳವೆಯನ್ನು ಹಾಕಿಸಿ, ಅದನ್ನು ಮೊದಲು ಅತ್ಯಂತ ಸಡಿಲಾದ ಮಟ್ಟದಲ್ಲಿಟ್ಟು, ತನಗೆ ಚಿರಪರಿಚಿತವಾದ ಒಂದೇ ರಸ್ತೆಯಲ್ಲಿ ಓಡಿಸಿ ನೋಡುತ್ತ, ಸ್ವಲ್ಪಸ್ವಲ್ಪವಾಗಿ ಬಿಗಿ ಏರಿಸಬೇಕು. ಗಾಡಿ ತೂಗುವುದು ಎಲ್ಲಿ ನಿಲ್ಲುವುದೋ ಅಲ್ಲಿಯೇ ಕೈ ತಡೆಯುವುದು ಜಾಣತನ.

ಮಾರ್ಪಾಟು ಮಾಡಿಸಿಕೊಂಡವರೂ ಕಳಚಿದ ಹಳೆಯ ಪೆಟ್ಟಿಗೆಗಳನ್ನು ಎಸೆಯದೆ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಅಟ್ಟದಲ್ಲಿ ಎತ್ತಿಡುವುದು ಒಳ್ಳೆಯದು. ಆಬಿಂಗ್‌ಡನ್ನಿನ ಆ ಕಾರ್ಖಾನೆ ಬಾಗಿಲು ಮುಚ್ಚಿ 40 ವರ್ಷಗಳೇ ಕಳೆದಿವೆ. ಗಾಡಿಯನ್ನು ಮುಂದೆ ಕೊಳ್ಳುವವನು ಅದನ್ನು ಹಿಂದಿನಂತೆಯೇ ಕಾಣಬಯಸಿದರೆ, ಅಟ್ಟದ ಮೇಲಿನ ಆ ಗಂಟಿಗಾಗಿ ಹಳೆಯ ಒಡೆಯನನ್ನು ನೆನೆದಾನು.