ಮೂಸಿ ನೋಡಿ, ಇದು ಬೇರಿನ ಘಮ!

ಹಲಕುಂದಿಯ ಬಿಸಿಲು ಗೊತ್ತಲ್ಲ? ಏಪ್ರಿಲ್ ಬಂತೆಂದರೆ ಬಳ್ಳಾರಿ ಸೀಮೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಗಂಟಲು ಒಣಗುತ್ತದೆ. ಕಣ್ಣು ಕತ್ತಲಿಡುತ್ತದೆ. ಅಂಥ ಮಟಮಟ ಮಧ್ಯಾಹ್ನ ಶರಬತ್ತಿನ ಗಾಡಿ ಹುಡುಕಿ. ಹೇಳಬೇಕಾದ್ದು ಇಷ್ಟೇ: 'ಅಣ್ಣಾ, ಒಂದ್ ನನ್ನಾರಿ ಕೊಡು!'

ಗ್ಲಾಸಿನ ತಳಕ್ಕೆ ಕೆಂಗಂದು ಪಾಕ. ಮೇಲೆ ತಣ್ಣೀರು. ಅರ್ಧ ನಿಂಬೆಹಣ್ಣು. ಒಂದು ಚಮಚ ನೆನೆದ ಕಾಮಕಸ್ತೂರಿ ಬೀಜ. ಆಹಾ!

ತಡೆಯಿರಿ, ಇನ್ನೂ ಕುಡಿಯಬೇಡಿ! ಮೊದಲು ಮೂಸಿ. ಎಲ್ಲೋ ಮೂಸಿದ ವಾಸನೆ, ಅಲ್ಲವೇ? ಹೂವಿನದೇ? ಹಣ್ಣಿನದೇ? ಊಹಿಸಿ!

ಎರಡೂ ಅಲ್ಲ. ಇದು ಬೇರು! ಸೊಗದೆ ಬಳ್ಳಿಯ ಬೇರು. ಬೇಲಿಯಲ್ಲಿ, ಕುರುಚಲು ಕಾಡಿನಲ್ಲಿ ತನ್ನ ಪಾಡಿಗೆ ಹಬ್ಬುವ ಬಡಕಲು ಬಳ್ಳಿ ಅದು. ಚಿವುಟಿದರೆ ಹಾಲು ಒಸರುತ್ತದೆ. ಯಾರ ನೆಂಟ ಗೊತ್ತೇ? ರಸ್ತೆ ಬದಿಯ ಎಕ್ಕದ ಗಿಡದ್ದು! ಒಂದೇ ಕುಟುಂಬ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಸೊಗದೆಯ ಬೇರು ಮಾತ್ರ ಅಮೃತ!

ಆಯುರ್ವೇದದವರಿಗೆ ಇದು ಸಾರಿವಾ, ಅನಂತಮೂಲ. ಅವರಷ್ಟೇ ಅಲ್ಲ, ಬ್ರಿಟಿಷರೂ ಸೋತರು! 1864ರ ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ, ಅಂದರೆ ಅವರ ಅಧಿಕೃತ ಔಷಧ ಗ್ರಂಥದಲ್ಲಿ, ಈ ಬೇರಿಗೆ ಜಾಗ ಸಿಕ್ಕಿತು. ನಮ್ಮ ಬೇಲಿಯ ಬಳ್ಳಿ ಲಂಡನ್ನಿನ ಪುಸ್ತಕದಲ್ಲಿ!

ಈಗ ಆ ಘಮದ ಗುಟ್ಟು. ಮೂರು ಸಂಖ್ಯೆ ಕೊಡುತ್ತೇನೆ: 8, 8, 3. ಘಮ ಕೊಡುವ ಮುಖ್ಯ ಅಣುವಿನಲ್ಲಿ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳಿವೆ. ಜಗತ್ತಿನಲ್ಲಿ ಅತಿ ಜನಪ್ರಿಯವಾದ ಇನ್ನೊಂದು ಘಮದ ಅಣುವಿನಲ್ಲೂ ಇರುವುದು ಅಷ್ಟೇ: 8, 8, 3! ಯಾವುದದು?

ವೆನಿಲ್ಲಾ!

ಹೌದು, ಐಸ್‌ಕ್ರೀಮಿನ ವೆನಿಲ್ಲಾ! ಪರಮಾಣುಗಳು ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎರಡು ಗುಂಪುಗಳು ಕೂತ ಜಾಗ ಮಾತ್ರ ಬೇರೆ. ಅಷ್ಟಕ್ಕೇ ಒಂದು ವೆನಿಲ್ಲಾ, ಇನ್ನೊಂದು ನನ್ನಾರಿ!

ವೆನಿಲ್ಲಾದ ಬಿನ್ನಾಣವೋ ಬಿನ್ನಾಣ! ತವರು ಮೆಕ್ಸಿಕೊ ಬಿಟ್ಟರೆ ಅದರ ಹೂವಿಗೆ ಮನುಷ್ಯನೇ ಕೈಯಾರೆ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಗುಲಾಮ ಹುಡುಗ ಅದರ ಸುಲಭ ವಿಧಾನ ಕಂಡುಕೊಂಡ. ವಯಸ್ಸೆಷ್ಟು? ಕೇವಲ 12! ನಮ್ಮ ಸೊಗದೆಗೆ ಇಂಥ ಯಾವ ಉಪಚಾರವೂ ಬೇಡ. ಕಲ್ಲುನೆಲ, ಒಂದಿಷ್ಟು ಮಳೆ ಸಾಕು.

ಸೊಗದೆಯ ಘಮ ಬಲು ಬೇಗ ಹಾರಿಹೋಗುತ್ತದೆ. ಹಾಗಾಗಿ ಬೇರು ಜಜ್ಜಿ, ನೆನೆಸಿ, ಪಾತ್ರೆಯ ಬಾಯಿ ಮುಚ್ಚಿ ರಸ ಇಳಿಸಬೇಕು. ತೆರೆದಿಟ್ಟು ಕುದಿಸಿದಿರೋ, ಅಡುಗೆಮನೆ ಘಮಘಮ, ಗ್ಲಾಸು ಸಪ್ಪೆ!

ಇನ್ನೊಂದು ಅಚ್ಚರಿ. ಉಪ್ಪಿನಕಾಯಿಯ ಮಾಕಳಿ ಬೇರಿನಲ್ಲೂ ಇದೇ ಅಣು! ಎಷ್ಟೋ ಕಡೆ ನನ್ನಾರಿ ಪಾಕಕ್ಕೆ ಬೀಳುವುದೂ ಅದೇ. ಆದರೆ ಗೆಡ್ಡೆ ಸಮೇತ ಕಿತ್ತು ಕಿತ್ತು ಮಾಕಳಿ ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಇದು ಮಾತ್ರ ಸಂಕಟದ ಸುದ್ದಿ.

ಸೊಗದೆಯನ್ನು ಬೇರಿನ ತುಂಡಿನಿಂದಲೇ ಬೆಳೆಸಬಹುದು. ಈ ಮಳೆಗಾಲ ನಿಮ್ಮ ಬೇಲಿಯಲ್ಲೂ ಒಂದು ನೆಡಿ. ಅಲ್ಲಿಯವರೆಗೆ ಗಾಡಿಯವರನ್ನು ಕೇಳಿಯೇ ಕುಡಿಯಿರಿ: 'ಅಣ್ಣಾ, ಇದು ಬೇರಿಂದಾ, ಎಸೆನ್ಸಾ?'